ನೆಂಟರ ಅಂಗಳದಲ್ಲಿ ಸ್ವಂತ ಮನೆ: ನಿವೃತ್ತ ದಂಪತಿಗೆ ಒಂದು ವರ್ಷದ ಆರ್‌ವಿ ತಿರುಗಾಟದ ಕೈಪಿಡಿ

ಅಮೆರಿಕದಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಕನ್ನಡಿಗ ದಂಪತಿಗಳ ಬಂಧುಬಳಗ ಒಂದೂರಿನಲ್ಲಿ ಇರುವುದು ಅಪರೂಪ. ನಮ್ಮ ಲೆಕ್ಕವನ್ನೇ ಹೇಳುವುದಾದರೆ, ನಾವಿರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಮಗ ಸಿಯಾಟಲ್‌ನಲ್ಲಿ, ಮಗಳು ಹ್ಯೂಸ್ಟನ್‌ನಲ್ಲಿ, ನನ್ನ ತಂಗಿ ನ್ಯೂಜೆರ್ಸಿಯಲ್ಲಿ, ಯಜಮಾನರ ಸೋದರತ್ತೆಯ ಮಕ್ಕಳು ಮೇರಿಲ್ಯಾಂಡ್ ಮತ್ತು ಅಟ್ಲಾಂಟಾಗಳಲ್ಲಿ, ಇಬ್ಬರ ಹಳೆಯ ಗೆಳೆಯರು ಉಳಿದ ಎಲ್ಲ ಕಡೆ. ಇವರನ್ನು ವಿಮಾನದಲ್ಲಿ ಹೋಗಿ ನೋಡಿ ಬರುವಾಗಲೆಲ್ಲ ಅವರ ಮನೆಯ ಒಂದು ಕೋಣೆ, ಒಂದು ಬಚ್ಚಲು, ಕೊನೆಗೆ ಕಾರಿನ ಕೀಲಿಯೂ ನಮ್ಮ ವಶಕ್ಕೆ ಬರುತ್ತಿದ್ದವು. ಎರಡು ಮಕ್ಕಳನ್ನಿಟ್ಟುಕೊಂಡು ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನೆಂಟರು ಎಷ್ಟೇ ಆತ್ಮೀಯರಾದರೂ ನಾಲ್ಕನೆಯ ದಿನ ಅದು ಭಾರವೇ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯಗಳನ್ನು ಹೊತ್ತು ಓಡುವ ಆರ್‌ವಿ ಕೊಂಡದ್ದು ಈ ಭಾರವನ್ನು ಇಳಿಸುವುದಕ್ಕೆ. ರಾತ್ರಿ ಒಂಬತ್ತಕ್ಕೆ ಅವರಿಗೆ ಶುಭರಾತ್ರಿ ಹೇಳಿ ಅಂಗಳದಲ್ಲಿರುವ ನಮ್ಮ ಬಾಗಿಲನ್ನು ನಾವು ಹಾಕಿಕೊಳ್ಳಬಹುದು. ಮುಂದೆ ಬರೆದಿರುವ ಎಲ್ಲ ಸಲಹೆಗಳೂ ಈ ಒಂದು ಉದ್ದೇಶದಿಂದಲೇ ಹುಟ್ಟಿದವು. ಊರು ನೋಡುವ ಸಲುವಾಗಿಯೇ ಆರ್‌ವಿ ಕೊಳ್ಳುವವರ ಲೆಕ್ಕಾಚಾರ ಬೇರೆ ಇರುತ್ತದೆ.

ಮೊದಲು ಪಂಚಾಂಗ, ಆಮೇಲೆ ನಕ್ಷೆ

ಪ್ರವಾಸದ ಯೋಜನೆಯನ್ನು ನಕ್ಷೆಯಿಂದ ಆರಂಭಿಸಬಾರದು. ಬಂಧುಗಳ ಮನೆಗಳಲ್ಲಿ ಆ ವರ್ಷ ನಡೆಯಲಿರುವ ಗೃಹಪ್ರವೇಶ, ಉಪನಯನ, ಪದವಿ ಪ್ರದಾನ, ಭರತನಾಟ್ಯದ ರಂಗಪ್ರವೇಶಗಳ ದಿನಾಂಕಗಳನ್ನು ಮೊದಲು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಇಲ್ಲಿ ಪದವಿ ಪ್ರದಾನಗಳು ಮೇ ಮತ್ತು ಜೂನ್‌ನಲ್ಲಿ ಬರುತ್ತವೆ, ರಂಗಪ್ರವೇಶಗಳು ಹೆಚ್ಚಾಗಿ ಶಾಲೆಗೆ ರಜೆಯಿರುವ ಬೇಸಿಗೆಯಲ್ಲಿ ನಡೆಯುತ್ತವೆ. ಹಾಗಾಗಿ ವರ್ಷದ ಮೊದಲರ್ಧ ತಾನಾಗಿಯೇ ತುಂಬಿಕೊಳ್ಳುತ್ತದೆ. ಎರಡನೆಯ ಸಾಲಿನಲ್ಲಿ ಹವಾಮಾನವನ್ನು ಬರೆಯಬೇಕು. ಆರ್‌ವಿಯ ನೀರಿನ ಕೊಳವೆಗಳು ತೆಳುವಾದ ಗೋಡೆಯೊಳಗೆ, ಹಲವು ಗಾಡಿಗಳಲ್ಲಿ ತಳದ ಕೆಳಗೆ ಹಾದು ಹೋಗುತ್ತವೆ. ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದು ಕೆಲವು ಗಂಟೆ ನಿಂತರೆ ಅವು ಹೆಪ್ಪುಗಟ್ಟಿ ಒಡೆಯುತ್ತವೆ. ಆದ್ದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಅರಿಜೋನಾ, ದಕ್ಷಿಣ ಟೆಕ್ಸಸ್, ಫ್ಲೋರಿಡಾಗಳ ಕಡೆ ಇರುವಂತೆ ದಾರಿಯನ್ನು ಬಾಗಿಸಬೇಕು.

ನಾವು ಏಪ್ರಿಲ್‌ನಲ್ಲಿ ತೆರಿಗೆಯ ಕಾಗದಗಳನ್ನು ಸಲ್ಲಿಸಿ ಹೊರಟೆವು. ಪಿಟ್ಸ್‌ಬರ್ಗ್, ಮೇರಿಲ್ಯಾಂಡ್, ನ್ಯೂಜೆರ್ಸಿ, ಬಾಸ್ಟನ್‌ಗಳನ್ನು ಜುಲೈ ಒಳಗೆ ಮುಗಿಸಿ, ಶಿಕಾಗೊ ಮೇಲೆ ಮೊಂಟಾನಾ ದಾಟಿ ಆಗಸ್ಟ್ ಕೊನೆಗೆ ಸಿಯಾಟಲ್ ಸೇರಿದೆವು. ಅಲ್ಲಿಂದ ಕೆಳಗಿಳಿದು ದೀಪಾವಳಿಗೆ ಕ್ಯಾಲಿಫೋರ್ನಿಯಾ, ಚಳಿಗಾಲಕ್ಕೆ ಫೀನಿಕ್ಸ್ ಮತ್ತು ಹ್ಯೂಸ್ಟನ್, ಯುಗಾದಿಗೆ ಅಟ್ಲಾಂಟಾ. ಪ್ರತಿ ಊರಿನಲ್ಲಿಯೂ ಕನ್ನಡ ಕೂಟವೊಂದಿರುವುದು ಇಂಥ ತಿರುಗಾಟಕ್ಕೆ ದೊಡ್ಡ ಅನುಕೂಲ. ಡೆಟ್ರಾಯಿಟ್‌ನ ಪಂಪ, ಶಿಕಾಗೊದ ವಿದ್ಯಾರಣ್ಯ, ನ್ಯೂಜೆರ್ಸಿಯ ಬೃಂದಾವನ, ಅಟ್ಲಾಂಟಾದ ನೃಪತುಂಗ ಹೀಗೆ ಕೂಟಗಳ ಹೆಸರು ಓದುತ್ತಾ ಹೋದರೆ ಹೈಸ್ಕೂಲಿನ ಚರಿತ್ರೆ ಪುಸ್ತಕ ನೆನಪಾಗುತ್ತದೆ. ಆಯಾ ಕೂಟದ ಯುಗಾದಿ, ರಾಜ್ಯೋತ್ಸವ, ಬೇಸಿಗೆ ಪಿಕ್‌ನಿಕ್‌ಗಳ ದಿನಾಂಕ ನೋಡಿಕೊಂಡು ಊರನ್ನು ಸೇರಿದರೆ, ಹತ್ತು ಮನೆಗೆ ಹೋಗಿ ಕಾಣಬೇಕಾದವರನ್ನು ಒಂದೇ ಮಧ್ಯಾಹ್ನ ಕಾಣಬಹುದು.

ಬಾಣಂತನದ ವಿಷಯ ಮಾತ್ರ ಬೇರೆ. ಮಗಳೋ ಸೊಸೆಯೋ ಹೆರಿಗೆಗೆ ಇದ್ದರೆ ಅಲ್ಲಿ ಎರಡು ಮೂರು ತಿಂಗಳು ಬೇಕೇ ಬೇಕು. ಅಷ್ಟು ಕಾಲ ಅಂಗಳದಲ್ಲಿ ಗಾಡಿ ನಿಲ್ಲಿಸುವ ಆಲೋಚನೆ ಮಾಡದೆ, ಹತ್ತಿರದ ಆರ್‌ವಿ ಪಾರ್ಕಿನಲ್ಲಿ ತಿಂಗಳ ಬಾಡಿಗೆಗೆ ಜಾಗ ಹಿಡಿಯಬೇಕು. ತಿಂಗಳ ದರ ದಿನದ ದರದ ಮೂವತ್ತರಷ್ಟು ಇರುವುದಿಲ್ಲ, ಬಹಳ ಕಡಿಮೆ ಇರುತ್ತದೆ; ವಿದ್ಯುತ್ತಿಗೆ ಮಾತ್ರ ಮೀಟರು ನೋಡಿ ಬೇರೆ ಹಣ ಕೇಳುವುದುಂಟು.

ಗಾಡಿ ಎಷ್ಟು ದೊಡ್ಡದಿರಬೇಕು

ಬಸ್ಸಿನಂಥ ದೊಡ್ಡ ಗಾಡಿಗೆ ಕ್ಲಾಸ್ ಎ, ವ್ಯಾನಿನಂಥ ಚಿಕ್ಕದಕ್ಕೆ ಕ್ಲಾಸ್ ಬಿ, ಚಾಲಕನ ತಲೆಯ ಮೇಲೆ ಅಟ್ಟದಂತೆ ಹಾಸಿಗೆ ಇರುವ ನಡುವಿನ ಅಳತೆಯದಕ್ಕೆ ಕ್ಲಾಸ್ ಸಿ ಎಂದು ಹೆಸರು. ನೆಂಟರ ಮನೆಗಳ ಮುಂದೆ ನಿಲ್ಲಿಸುವ ಉದ್ದೇಶಕ್ಕೆ 24ರಿಂದ 25 ಅಡಿಯ ಕ್ಲಾಸ್ ಸಿ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಡಾವಣೆಯ ಡ್ರೈವ್‌ವೇಯಲ್ಲಿ ಅದು ಗ್ಯಾರೇಜಿನ ಬಾಗಿಲಿಗೂ ಕಾಲುದಾರಿಗೂ ನಡುವೆ ಹೇಗೋ ಹಿಡಿಸುತ್ತದೆ. ಮೂವತ್ತು ಅಡಿ ದಾಟಿದರೆ ಬಾಲ ಬೀದಿಗೆ ಬರುತ್ತದೆ. ಮೊಮ್ಮಕ್ಕಳು ಅಟ್ಟದ ಹಾಸಿಗೆಯನ್ನು ಕಂಡ ಕೂಡಲೇ ತಮ್ಮದೆಂದು ಘೋಷಿಸಿಬಿಡುತ್ತಾರೆ, ಅದು ಇನ್ನೊಂದು ಲಾಭ. ಆದರೆ ಓಡುವ ಗಾಡಿಯಲ್ಲಿ ಅವರು ಅಲ್ಲಿ ಮಲಗುವಂತಿಲ್ಲ. ಮಕ್ಕಳ ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿರುವ, ಸರಿಯಾದ ಬೆಲ್ಟ್ ಇರುವ ಆಸನಕ್ಕೇ ಕಟ್ಟಬೇಕು; ಪಕ್ಕಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರುವ ಊಟದ ಬೆಂಚು ಅದಕ್ಕೆ ತಕ್ಕುದಲ್ಲ. ಕೊಳ್ಳುವ ಮುನ್ನ ಮುಂದಕ್ಕೆ ಮುಖ ಮಾಡಿರುವ ಆಸನಗಳನ್ನು ಎಣಿಸಿ ನೋಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆರ್‌ವಿಯಲ್ಲಿ ಅಕ್ಷರಶಃ ನಿಜ. ಮಾಮೂಲಿ ಕ್ವೀನ್ ಹಾಸಿಗೆ 80 ಅಂಗುಲ ಉದ್ದವಿದ್ದರೆ, ಹಲವು ಆರ್‌ವಿಗಳಲ್ಲಿ ಇರುವ ಗಿಡ್ಡ ಕ್ವೀನ್ 75 ಅಂಗುಲವಷ್ಟೆ. ಮಾರುವವರ ಮುಂದೆ ಸಂಕೋಚಪಡದೆ ಇಬ್ಬರೂ ಅದರ ಮೇಲೆ ಹತ್ತು ನಿಮಿಷ ಮಲಗಿ, ಒಬ್ಬರು ಎದ್ದು ಶೌಚಾಲಯಕ್ಕೆ ಹೋಗುವಾಗ ಇನ್ನೊಬ್ಬರನ್ನು ದಾಟಬೇಕೇ ಎಂದು ಪರೀಕ್ಷಿಸಬೇಕು. ಅರವತ್ತೈದು ದಾಟಿದವರಿಗೆ ಎಂಜಿನ್ನಿನ ಶಕ್ತಿಗಿಂತ ಇದು ಮುಖ್ಯ.

ಹಳೆಯ ಗಾಡಿಯಾದರೆ ಟೈರಿನ ಪಕ್ಕದಲ್ಲಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರ್‌ವಿ ಟೈರುಗಳು ಸವೆಯುವ ಮೊದಲೇ ವಯಸ್ಸಾಗಿ ಒಡೆಯುತ್ತವೆ. ಆರೇಳು ವರ್ಷವಾಗಿದ್ದರೆ ಮೇಲ್ನೋಟಕ್ಕೆ ಹೊಸದರಂತೆ ಕಂಡರೂ ಬದಲಿಸುವುದು ಲೇಸು. ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಗಾಡಿ ಎಷ್ಟು ಪೌಂಡು ಸಾಮಾನು ಹೊರಬಲ್ಲದು ಎಂದು ಬರೆದಿರುತ್ತದೆ. ಒಂದು ಗ್ಯಾಲನ್ ನೀರು 8.3 ಪೌಂಡು, 40 ಗ್ಯಾಲನ್ ತೊಟ್ಟಿ ತುಂಬಿದರೆ 330 ಪೌಂಡು ಅಲ್ಲಿಗೇ ಹೋಯಿತು. ನಾವು ಸೋನಾಮಸೂರಿ ಮೂಟೆ, ವೆಟ್ ಗ್ರೈಂಡರ್, ಎಲ್ಲ ಮನೆಗಳಿಗೂ ಕೊಡಲೆಂದು ಮಾಡಿದ ಉಪ್ಪಿನಕಾಯಿ ಜಾಡಿಗಳನ್ನು ತುಂಬಿಕೊಂಡು ಟ್ರಕ್ ನಿಲ್ದಾಣದ ತೂಕದ ಕಟ್ಟೆಯ ಮೇಲೆ ನಿಂತಾಗ ಮಿತಿಯನ್ನು ದಾಟಿದ್ದೆವು. ಗ್ರೈಂಡರ್ ಮನೆಗೆ ವಾಪಸಾಯಿತು, ಉಪ್ಪಿನಕಾಯಿ ಉಳಿಯಿತು.

ಅಂಗಳದಲ್ಲಿ ನಿಲ್ಲಿಸುವ ಮುನ್ನ ಕೇಳಬೇಕಾದದ್ದು

‘ಬನ್ನಿ, ಜಾಗಕ್ಕೇನು ಬರ’ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಅರ್ಧ ಜನಕ್ಕೆ ತಮ್ಮ ಬಡಾವಣೆಯ ನಿಯಮ ತಿಳಿದಿರುವುದಿಲ್ಲ. ಮನೆ ಮಾಲೀಕರ ಸಂಘವಿರುವ ಬಡಾವಣೆಗಳಲ್ಲಿ ಆರ್‌ವಿ ನಿಲ್ಲಿಸುವುದನ್ನು ಪೂರಾ ನಿಷೇಧಿಸಿರುತ್ತಾರೆ, ಅಥವಾ ಸಾಮಾನು ಏರಿಸಿ ಇಳಿಸಲು ಒಂದೆರಡು ದಿನ ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಹಲವು ಊರುಗಳಲ್ಲಿ ಬೀದಿಯಲ್ಲಿ ಒಂದೇ ಜಾಗದಲ್ಲಿ 72 ಗಂಟೆಗಿಂತ ಹೆಚ್ಚು ಕಾಲ ಯಾವ ವಾಹನವೂ ನಿಲ್ಲುವಂತಿಲ್ಲ. ದಂಡದ ಚೀಟಿ ಬರುವುದು ನಮಗಲ್ಲ, ಅಲ್ಲೇ ಬಾಳಬೇಕಾದ ನೆಂಟರಿಗೆ. ಆದ್ದರಿಂದ ಎರಡು ವಾರ ಮೊದಲೇ ಅವರಿಂದ ಸಂಘಕ್ಕೆ ಒಂದು ಮಾತು ಕೇಳಿಸಿ, ಡ್ರೈವ್‌ವೇಯ ಮೂರು ಚಿತ್ರಗಳನ್ನು ತರಿಸಿಕೊಳ್ಳಬೇಕು: ಬೀದಿಯಿಂದ ನೇರವಾಗಿ ಒಂದು, ಪಕ್ಕದಿಂದ ಇಳಿಜಾರು ಕಾಣುವಂತೆ ಒಂದು, ಮೇಲಿನ ಮರದ ಕೊಂಬೆ ಮತ್ತು ತಂತಿಗಳು ಕಾಣುವಂತೆ ಒಂದು. ನಮ್ಮ ಗಾಡಿಯ ಎತ್ತರ ಎ.ಸಿ. ಪೆಟ್ಟಿಗೆ ಸೇರಿ ಹನ್ನೊಂದು ಅಡಿ.

ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಗ್ಯಾಸಿನಿಂದಲೂ ಓಡುವ ಹಳೆಯ ಬಗೆಯ ಆರ್‌ವಿ ಫ್ರಿಜ್‌ನಲ್ಲಿ ಮೋಟಾರು ಇರುವುದಿಲ್ಲ. ಒಳಗಿನ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಬರಬೇಕು. ಗಾಡಿ ಓರೆಯಾಗಿ ನಿಂತರೆ ದ್ರಾವಣ ಒಂದು ಕಡೆ ಮಡುಗಟ್ಟಿ, ಬಿಸಿಯಾಗುವ ಭಾಗ ಒಣಗಿ, ಫ್ರಿಜ್ ಶಾಶ್ವತವಾಗಿ ಕೆಡಬಹುದು. ಓಡುವಾಗ ಅಲುಗಾಟವಿರುವುದರಿಂದ ತೊಂದರೆಯಿಲ್ಲ, ನಿಂತಾಗಲೇ ಅಪಾಯ. ಚಕ್ರದ ಕೆಳಗಿಡುವ ಪ್ಲಾಸ್ಟಿಕ್ ಹಲಗೆಗಳ ಎರಡು ಜೊತೆ ಇರಬೇಕು. ಅಷ್ಟಾದರೂ ಸಮತಟ್ಟಾಗದ ಅಂಗಳವಾದರೆ ಫ್ರಿಜ್ ಆರಿಸಿ, ಹಾಲು ಮೊಸರುಗಳನ್ನು ನೆಂಟರ ಫ್ರಿಜ್‌ಗೆ ವರ್ಗಾಯಿಸಬೇಕು. ಕಂಪ್ರೆಸರ್ ಇರುವ ಹೊಸ ಫ್ರಿಜ್‌ಗಳಿಗೆ ಈ ಗೋಳು ಬಹಳ ಕಡಿಮೆ.

ಗ್ಯಾರೇಜಿನ ಮಾಮೂಲಿ ಸಾಕೆಟ್ 15 ಆಂಪ್‌ನದು. 120 ವೋಲ್ಟ್‌ನಲ್ಲಿ ಅದರಿಂದ ಗರಿಷ್ಠ 1,800 ವಾಟ್ ಸಿಗುತ್ತದೆ, ಗಂಟೆಗಟ್ಟಲೆ ಎಳೆಯುವುದಾದರೆ 1,440 ವಾಟ್ ದಾಟಬಾರದು. ಆರ್‌ವಿ ಪಾರ್ಕಿನ 30 ಆಂಪ್ ಕಂಬದಲ್ಲಿ ಸಿಗುವುದು 3,600 ವಾಟ್. ಎಂದರೆ ನೆಂಟರ ಮನೆಯ ಸಾಕೆಟ್ಟಿನಿಂದ ದೀಪ, ಫ್ಯಾನು, ಫ್ರಿಜ್, ಬ್ಯಾಟರಿ ಚಾರ್ಜು ಆರಾಮವಾಗಿ ನಡೆಯುತ್ತವೆ, ಚಾವಣಿಯ ಎ.ಸಿ. ನೆಚ್ಚುವಂತಿಲ್ಲ, ಇಂಡಕ್ಷನ್ ಒಲೆಯಂತೂ ಬೇಡ. ತಂತಿ 10 ಗೇಜಿನ ದಪ್ಪದ್ದಾಗಿರಬೇಕು, ತೋಟದ ದೀಪಕ್ಕೆ ಬಳಸುವ ತೆಳು ಕಿತ್ತಳೆ ತಂತಿ ಕೈ ಸುಡುವಷ್ಟು ಕಾಯುತ್ತದೆ. ನ್ಯೂಜೆರ್ಸಿಯ ಜುಲೈ ಸೆಖೆಯಲ್ಲಿ ನಾವು ಹಗಲಲ್ಲಿ ಗಾಡಿಯೊಳಗೆ ಕುಳಿತುಕೊಳ್ಳಲಾಗದೆ ತಂಗಿಯ ಮನೆಯೊಳಗೇ ಇದ್ದೆವು. ಅಂಥ ತಿಂಗಳಲ್ಲಿ ವಿದ್ಯುತ್ ಕಂಬವಿರುವ ಪಾರ್ಕನ್ನು ಹಿಡಿದು, ಹಗಲು ಹೋಗಿ ಬರುವುದೇ ಮೇಲು.

ನೀರಿಗೆ ಕುಡಿಯುವ ನೀರಿನ ಬಿಳಿ ಕೊಳವೆಯನ್ನೂ, 50 ಪಿ.ಎಸ್.ಐ. ಮೀರದಂತೆ ತಡೆಯುವ ಹಿತ್ತಾಳೆಯ ಒತ್ತಡ ನಿಯಂತ್ರಕವನ್ನೂ ಒಯ್ಯಬೇಕು. ಕೊಳಚೆಯ ವಿಷಯದಲ್ಲಿ ಮುಜುಗರ ಬಿಟ್ಟು ಮಾತನಾಡಬೇಕು. ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ ಬೂದು ತೊಟ್ಟಿ, ಶೌಚಕ್ಕೆ ಕಪ್ಪು ತೊಟ್ಟಿ. ಇವುಗಳನ್ನು ನೆಂಟರ ಚರಂಡಿಗೆ ಬಿಡುವುದು ಹಲವು ಊರುಗಳಲ್ಲಿ ಕಾನೂನುಬಾಹಿರ, ಎಲ್ಲ ಊರುಗಳಲ್ಲಿಯೂ ಅಸಹ್ಯ. ಕಪ್ಪು ತೊಟ್ಟಿಯ ಕವಾಟವನ್ನು ಮುಚ್ಚಿಯೇ ಇಟ್ಟು, ಮೂರನೇ ಎರಡು ಭಾಗ ತುಂಬಿದ ಮೇಲೆ ಪಾರ್ಕಿನಲ್ಲಿ ಅಥವಾ ಟ್ರಕ್ ನಿಲ್ದಾಣದ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡಬೇಕು. ಕವಾಟ ತೆರೆದಿಟ್ಟರೆ ನೀರು ಹರಿದು ಹೋಗಿ ಗಟ್ಟಿಯದು ಗುಡ್ಡೆಯಾಗುತ್ತದೆ. ಚೊಂಬು ಹಿಡಿಯುವ ನಮ್ಮ ಪದ್ಧತಿಯಿಂದ ತೊಟ್ಟಿ ಬೇಗ ತುಂಬುವುದು ನಿಜ, ಆದರೆ ನೀರು ಧಾರಾಳವಾಗಿ ಹೋಗುವುದರಿಂದ ಕಟ್ಟಿಕೊಳ್ಳುವುದಿಲ್ಲ. ನೆಂಟರ ಮನೆಯಲ್ಲಿರುವಾಗ ಅವರ ಸ್ನಾನದ ಮನೆಯನ್ನೇ ಬಳಸಿ, ಗಾಡಿಯದನ್ನು ರಾತ್ರಿಗೆ ಮಾತ್ರ ಇಟ್ಟುಕೊಂಡರೆ ಒಂದು ವಾರ ಸುಲಭವಾಗಿ ಕಳೆಯುತ್ತದೆ.

ಅಂಗಳ ಸಿಗದ ಕಡೆ ಸೈನ್ಯದ ಎಂಜಿನಿಯರ್ ದಳದವರು ನಡೆಸುವ ಸರೋವರದ ಕ್ಯಾಂಪ್‌ಗ್ರೌಂಡ್‌ಗಳನ್ನು ಮರೆಯಬಾರದು. ಅಟ್ಲಾಂಟಾದ ಉತ್ತರಕ್ಕೆ, ನಮ್ಮವರು ತುಂಬಿಕೊಂಡಿರುವ ಬಡಾವಣೆಗಳ ಮಗ್ಗುಲಲ್ಲೇ ಇರುವ ಲೇಕ್ ಲೇನಿಯರ್ ಇದಕ್ಕೆ ಒಳ್ಳೆಯ ಉದಾಹರಣೆ. ಚಳಿಗಾಲದಲ್ಲಿ ಇವು ಮುಚ್ಚಿರುವುದುಂಟು. 62 ವರ್ಷ ತುಂಬಿದ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಸಿಗುವ ಸೀನಿಯರ್ ಪಾಸ್ ತೋರಿಸಿದರೆ ಇಂಥ ಫೆಡರಲ್ ಜಾಗಗಳಲ್ಲಿ ಹಲವೆಡೆ ಕ್ಯಾಂಪಿಂಗ್ ಶುಲ್ಕ ಅರ್ಧವಾಗುತ್ತದೆ, ರಾಷ್ಟ್ರೀಯ ಉದ್ಯಾನಗಳ ಪ್ರವೇಶವೂ ಸಿಗುತ್ತದೆ. ಜೀವಮಾನದ ಈ ಪಾಸಿಗೆ 80 ಡಾಲರ್. 2017ರ ಆಗಸ್ಟ್‌ವರೆಗೆ ಬರೀ 10 ಡಾಲರ್ ಇತ್ತು, ಆಗ ನಮಗೆ ವಯಸ್ಸಾಗಿರಲಿಲ್ಲ.

ಒಗ್ಗರಣೆ ಮತ್ತು ಅಲಾರಂ

ಇಪ್ಪತ್ತೈದು ಅಡಿಯ ಡಬ್ಬಿಯಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ಹೊಗೆಯ ಅಲಾರಂ ಕಿರುಚುತ್ತದೆ, ಇಂಗಿನ ವಾಸನೆ ದಿಂಬಿನಲ್ಲಿ ಒಂದು ವಾರ ಉಳಿಯುತ್ತದೆ. ಹೊಗೆಯ ಅಲಾರಂನ ಬ್ಯಾಟರಿ ತೆಗೆದಿಡುವವರನ್ನು ಕಂಡಿದ್ದೇನೆ. ಅದು ಎಂದಿಗೂ ಮಾಡಬಾರದ ಕೆಲಸ. ನೆಲದ ಹತ್ತಿರ ಇರುವ ಇನ್ನೊಂದು ಅಲಾರಂ ಒಲೆ, ಫ್ರಿಜ್‌ಗಳಿಗೆ ಬಳಸುವ ಪ್ರೊಪೇನ್ ಗ್ಯಾಸಿನ ಸೋರಿಕೆಗೆ ಸಂಬಂಧಿಸಿದ್ದು, ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಅದನ್ನು ಅಷ್ಟು ಕೆಳಗೆ ಕೂರಿಸಿರುತ್ತಾರೆ. ಅದರ ಮುಂದೆ ಚಪ್ಪಲಿ ಚೀಲ ಒಟ್ಟಬೇಡಿ. ಒಗ್ಗರಣೆಗೆ ಮಡಚುವ ಮೇಜು ಮತ್ತು ಸಣ್ಣ ಗ್ಯಾಸ್ ಒಲೆಯನ್ನು ಹೊರಗೆ ಹಾಕಿಕೊಳ್ಳುವುದು ಸರಿಯಾದ ಉಪಾಯ. ಅಂಗಳದಲ್ಲಿ ಸಾರಿಗೆ ಒಗ್ಗರಣೆ ಕೊಟ್ಟಾಗ ಬೇಲಿಯಾಚೆಯ ನೆರೆಯವರು ಇಣುಕಿ ಏನೆಂದು ಕೇಳಿದ್ದು ಮೂರು ಊರುಗಳಲ್ಲಿ ಆಯಿತು. ಎಣ್ಣೆ, ಅಕ್ಕಿ ಗಂಜಿ, ಸಾಂಬಾರಿನ ಬೇಳೆ ಬೂದು ತೊಟ್ಟಿಗೆ ಹೋದರೆ ಎರಡು ದಿನದಲ್ಲಿ ನಾರುತ್ತದೆ; ತಟ್ಟೆಯನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯಬೇಕು. ಇಡ್ಲಿ ಹಿಟ್ಟಿಗೆ ತಂಪಾದ ಊರಿನಲ್ಲಿ ಓವನ್ನಿನಲ್ಲಿ ಸಣ್ಣಗೆ ಉರಿಯುತ್ತಲೇ ಇರುವ ಪೈಲಟ್ ಜ್ವಾಲೆಯ ಬೆಚ್ಚಗಿನ ಕತ್ತಲೆ ಸಾಕಾಗುತ್ತದೆ, ಆದರೆ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಹಿಟ್ಟು ಉಕ್ಕಿ ಬರ್ನರಿನ ತೂತು ಮುಚ್ಚಿದ್ದನ್ನು ನಾನು ಇಂಡಿಯಾನಾದ ಒಂದು ಬೆಳಿಗ್ಗೆ ಬಟ್ಟೆಪಿನ್ನಿನಿಂದ ಬಿಡಿಸಿದ್ದೇನೆ.

ದಾರಿಯ ಮೇಲೆ

ಆರ್‌ವಿಯವರು ಹೇಳುವ ಮೂರು ಮೂರು ಮೂರು ಎಂಬ ಸೂತ್ರ ನಮ್ಮ ವಯಸ್ಸಿಗೆ ಸರಿಹೊಂದುತ್ತದೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರಕ್ಕೆ ನಿಲ್ದಾಣ ಸೇರಬೇಕು, ಸೇರಿದ ಜಾಗದಲ್ಲಿ ಮೂರು ದಿನ ಇರಬೇಕು. ನಾವು ಇನ್ನೂ ಇಳಿಸಿ 200 ಮೈಲಿಗೆ ನಿಲ್ಲಿಸಿಕೊಂಡೆವು. ಗ್ಯಾಲನ್ನಿಗೆ ಒಂಬತ್ತು ಮೈಲಿಯಂತೆ 12,000 ಮೈಲಿಗೆ ಸುಮಾರು 1,330 ಗ್ಯಾಲನ್ ಬೇಕು. ಗ್ಯಾಲನ್ನಿಗೆ ಮೂರೂವರೆ ಡಾಲರ್ ಎಂದು ಹಿಡಿದರೆ 4,700 ಡಾಲರ್ ಬರೀ ಪೆಟ್ರೋಲಿಗೆ ತೆಗೆದಿಡಬೇಕಾಗುತ್ತದೆ.

ಕಾರಿನ ನಕ್ಷೆಯ ಆ್ಯಪ್ ಎತ್ತರವನ್ನಾಗಲಿ ಗ್ಯಾಸಿನ ತೊಟ್ಟಿಯನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆರ್‌ವಿಗೆಂದೇ ಮಾಡಿದ ನಕ್ಷೆ ಬೇಕು. ಬಾಲ್ಟಿಮೋರ್‌ನ ಎರಡು ಸುರಂಗಗಳಲ್ಲಿಯೂ ಹತ್ತು ಪೌಂಡಿಗಿಂತ ದೊಡ್ಡ ಪ್ರೊಪೇನ್ ತೊಟ್ಟಿಯಿರುವ ವಾಹನಕ್ಕೆ ಪ್ರವೇಶವಿಲ್ಲ. ಮೊದಲು ಇಂಥವರು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮೇಲೆ ಹೋಗುತ್ತಿದ್ದರು. 2024ರ ಮಾರ್ಚ್ 26ರಂದು ಹಡಗು ಬಡಿದು ಅದು ಕುಸಿದ ಮೇಲೆ, ಊರನ್ನು ಪಶ್ಚಿಮಕ್ಕೆ ಬಳಸಿ ಇಂಟರ್‌ಸ್ಟೇಟ್ 695 ಹೆದ್ದಾರಿಯಲ್ಲಿ ಹೋಗಬೇಕಾಗಿದೆ. ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್‌ಗಳಲ್ಲಿ ಪಾರ್ಕ್‌ವೇ ಎಂಬ ಹೆಸರಿನ ಹಳೆಯ ರಸ್ತೆಗಳ ಕಲ್ಲಿನ ಕಮಾನುಗಳು ತಗ್ಗು. ಆ ಹೆಸರು ಕಂಡರೆ ಪಕ್ಕಕ್ಕೆ ಸರಿಯಿರಿ. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಬೆಟ್ಟದ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಕ್ಕೆ ಅವಕಾಶವಿಲ್ಲ. ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ ಗಾಳಿ ಎದ್ದ ದಿನ ಎತ್ತರದ ಹಗುರ ಗಾಡಿಗಳನ್ನು ತಡೆಯುತ್ತಾರೆ. ತಡೆಯದಿದ್ದರೂ ಆ ದಿನ ನಿಂತುಬಿಡಿ.

ಇಬ್ಬರಿಗೂ ಓಡಿಸಲು ಬರಬೇಕು ಎಂಬುದರಲ್ಲಿ ರಾಜಿ ಬೇಡ. ಯಜಮಾನರು ಎದೆನೋವೆಂದರೆ ಹೆಂಡತಿ ಆಸ್ಪತ್ರೆಗೆ ಗಾಡಿ ತರಬಲ್ಲವಳಾಗಿರಬೇಕು. ನಾನು ಕಲಿತದ್ದು ಸೋಮವಾರ ಬೆಳಿಗ್ಗೆ ಖಾಲಿಯಿರುವ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ. ಹಿಂದಕ್ಕೆ ತೆಗೆಯುವಾಗ ಇಳಿದು ನಿಂತು ದಾರಿ ತೋರಿಸುವವರು ಎಡ, ಬಲ ಎನ್ನಬಾರದು, ಯಾರ ಎಡ ಎಂಬ ಜಗಳ ನಿಲ್ಲುವುದಿಲ್ಲ. ‘ನಿನ್ನ ಕಡೆ’, ‘ನನ್ನ ಕಡೆ’ ಎಂದು ಗಾಡಿಯೊಳಗೆ ಇಬ್ಬರೂ ಕೂರುವ ಆಸನಗಳ ಲೆಕ್ಕದಲ್ಲಿ ಗುರುತಿಸಿಕೊಳ್ಳಬೇಕು. ಹಿಂದಿನ ಚಕ್ರದಾಚೆ ಚಾಚಿರುವ ಬಾಲ, ಗಾಡಿ ತಿರುಗುವಾಗ ಎದುರು ದಿಕ್ಕಿಗೆ ಎರಡು ಮೂರು ಅಡಿ ಬೀಸುತ್ತದೆ. ಮೇರಿಲ್ಯಾಂಡಿನಲ್ಲಿ ಗೆಳೆಯರ ಅಂಚೆಪೆಟ್ಟಿಗೆ ಉರುಳಿದ್ದು ಹೀಗೆಯೇ, ಚಾಲಕನ ಆಸನದಲ್ಲಿ ನಾನು ಕುಳಿತಿದ್ದಾಗ.

ವಿಮೆ, ಔಷಧಿ, ಅಂಚೆ

ಅರವತ್ತೈದು ದಾಟಿದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್. ಮೂಲ ಮೆಡಿಕೇರ್ ಇರುವವರು ಅದನ್ನು ಒಪ್ಪುವ ಯಾವುದೇ ರಾಜ್ಯದ ವೈದ್ಯರ ಬಳಿ ಹೋಗಬಹುದು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಹೆಚ್ಚಾಗಿ ಊರಿನ ಸುತ್ತಲಿನ ವೈದ್ಯರಿಗೆ ಕಟ್ಟಿಹಾಕುತ್ತವೆ, ತುರ್ತುಸ್ಥಿತಿಗೆ ಮಾತ್ರ ಹೊರಗೆ ನಡೆಯುತ್ತದೆ. ವರ್ಷದ ಪ್ರವಾಸಕ್ಕೆ ಹೊರಡುವವರು ಇದನ್ನು ಹಿಂದಿನ ಶರತ್ಕಾಲದಲ್ಲೇ ವಿಚಾರಿಸಬೇಕು. ಟೊರೊಂಟೊದ ನೆಂಟರನ್ನು ನೋಡಲು ಗಡಿ ದಾಟುವುದಾದರೆ ಮೆಡಿಕೇರ್ ಸಾಮಾನ್ಯವಾಗಿ ಅಲ್ಲಿ ನಡೆಯದು, ಬೇರೆ ಪ್ರವಾಸ ವಿಮೆ ಬೇಕು. ಔಷಧಿಗಳನ್ನು ದೇಶದಾದ್ಯಂತ ಅಂಗಡಿಯಿರುವ ಒಂದೇ ಸರಪಳಿಗೆ ಬದಲಿಸಿ, 90 ದಿನದ ಚೀಟಿ ಬರೆಸಿಕೊಳ್ಳಿ.

ತೆರಿಗೆ ಉಳಿಸಲೆಂದು ದಕ್ಷಿಣ ಡಕೋಟಾ, ಟೆಕ್ಸಸ್, ಫ್ಲೋರಿಡಾಗಳಿಗೆ ವಿಳಾಸ ಬದಲಿಸುವ ಪೂರ್ಣಾವಧಿ ಆರ್‌ವಿಯವರಿದ್ದಾರೆ. ಒಂದೇ ವರ್ಷಕ್ಕೆ ಆ ತಾಪತ್ರಯ ಬೇಡವೆಂದು ನನ್ನ ತೀರ್ಮಾನ. ಅಂಚೆಯನ್ನು ತಾತ್ಕಾಲಿಕವಾಗಿ ಮಕ್ಕಳ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ ಒಂದು ವರ್ಷದವರೆಗೆ ಸಿಗುತ್ತದೆ. ಮನೆ ಮಾರಿ ಹೊರಡುವವರಾದರೆ ಆರ್‌ವಿ ವಿಮೆ ಪೂರ್ಣಾವಧಿ ವಾಸಕ್ಕೆ ತಕ್ಕುದೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹೊರಡುವ ಬೆಳಿಗ್ಗೆ

ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ತಪ್ಪುಗಳು ಆಗುತ್ತವೆ. ಅರಿಸಿನ ಕುಂಕುಮ, ಡಬ್ಬಿಯಲ್ಲಿ ಕಟ್ಟಿಕೊಟ್ಟ ಚಿತ್ರಾನ್ನ, ಬಾಗಿಲಲ್ಲಿ ನಿಂತು ಮತ್ತೆ ಅರ್ಧ ಗಂಟೆ ಮಾತು, ಇವೆಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಗಾಡಿಯನ್ನು ಎರಡು ಸುತ್ತು ಬರಬೇಕು. ಮೊದಲ ಸುತ್ತು ಯಜಮಾನರದು, ಪ್ರದಕ್ಷಿಣೆಯಾಗಿ: ವಿದ್ಯುತ್ ತಂತಿ, ನೀರಿನ ಕೊಳವೆ, ಚಕ್ರದ ಹಲಗೆಗಳು, ಮಡಚುವ ಮೆಟ್ಟಿಲು, ಚಾವಣಿಯ ಗವಾಕ್ಷಿ, ಪ್ರೊಪೇನ್ ಕವಾಟ. ಎರಡನೆಯ ಸುತ್ತು ನನ್ನದು, ಅಪ್ರದಕ್ಷಿಣೆಯಾಗಿ, ಅವರು ನೋಡಿದ್ದಾರೆಂಬ ನಂಬಿಕೆಯಿಲ್ಲದೆ. ಹ್ಯೂಸ್ಟನ್‌ನಲ್ಲಿ ಒಂಬತ್ತು ವಾರ ಇದ್ದು ಹೊರಟ ಬೆಳಿಗ್ಗೆ, ಅವರ ಸುತ್ತು ಮುಗಿದು ಅವರು ಚಾಲಕನ ಆಸನದಲ್ಲಿ ಕುಳಿತ ಮೇಲೆ, ಹಿಂದಿನ ಬಲ ಚಕ್ರಕ್ಕೆ ಒರಗಿಸಿಟ್ಟಿದ್ದ ಮೊಮ್ಮಗನ ಕೆಂಪು ಸೈಕಲ್ ನನಗೆ ಸಿಕ್ಕಿತು.